ಮಳೆ ನೋಡಿಕೊಂಡು ಹಡಗು ಕಟ್ಟುವುದು

ಮರದ ಮಾದರಿ ಹಡಗು ಕಟ್ಟಲು ಏನೇನು ಬೇಕು ಎಂದು ಕೇಳಿದವರಿಗೆ ನಾನು ಮೊದಲು ಹೇಳುವುದು ಕ್ಯಾಲೆಂಡರ್. ತಮಾಷೆ ಅಲ್ಲ. ನಮ್ಮ ಸಾಗರದಲ್ಲಿ ಮಳೆ ಹಿಡಿಯಿತೆಂದರೆ ಚಪ್ಪಲಿಗೂ ಬೂಷ್ಟು ಬರುತ್ತದೆ, ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಬಾಗಿಲಿಗೇ ಹಾಗಾದರೆ ಹಡಗಿನ ಮೈಗೆ ಹಚ್ಚುವ ಒಂದೂವರೆ ಮಿಲಿಮೀಟರ್ ದಪ್ಪದ ಮರದ ಪಟ್ಟಿಯ ಗತಿ ಏನು? ಇಟಲಿ, ಸ್ಪೇನ್ ಕಡೆಯಿಂದ ಬರುವ ಕಿಟ್‌ಗಳ ಜೊತೆ ಚೆಂದದ ಪುಸ್ತಕ ಇರುತ್ತದೆ. ಆರಿದ್ರಾ ಮಳೆಯ ಬಗ್ಗೆ ಅದರಲ್ಲಿ ಒಂದಕ್ಷರ ಇರುವುದಿಲ್ಲ.

ಗಾಳಿಯ ತೇವಾಂಶ 90 ಪರ್ಸೆಂಟ್ ಇದ್ದರೆ ಮರ ತನ್ನ ಒಣ ತೂಕದ ಸುಮಾರು 20 ಪರ್ಸೆಂಟ್ ನೀರು ಹಿಡಿದುಕೊಳ್ಳುತ್ತದೆ. ತೇವಾಂಶ 40ಕ್ಕೆ ಇಳಿದರೆ ಅದು 7–8 ಪರ್ಸೆಂಟ್‌ಗೆ ಬರುತ್ತದೆ. ಉದ್ದಕ್ಕೆ ಹೆಚ್ಚೇನೂ ಆಗುವುದಿಲ್ಲ, ಅಗಲ ಕುಗ್ಗುತ್ತದೆ. 100 ಮಿ.ಮೀ. ಅಗಲಕ್ಕೆ 2–3 ಮಿ.ಮೀ. ಹೋಯಿತು ಅಂತಲೇ ಲೆಕ್ಕ. ಆಷಾಢದಲ್ಲಿ ಬಿಗಿಯಾಗಿ ಕೂರಿಸಿದ ಪಟ್ಟಿಗಳು ಶಿವರಾತ್ರಿ ಹೊತ್ತಿಗೆ ಬಾಯಿ ಬಿಡುತ್ತವೆ. ಕಡುಬೇಸಿಗೆಯಲ್ಲಿ ಕೂರಿಸಿದರೆ ಉಲ್ಟಾ: ಮಳೆಗೆ ಉಬ್ಬಿ, ಜಾಗ ಸಾಲದೆ ಮೇಲೇಳುತ್ತವೆ. ಹಾಗಾಗಿ ಹಡಗಿನ ಮೈಗೆ ಪಟ್ಟಿ ಹೊದಿಸುವ ಕೆಲಸವನ್ನು ದೀಪಾವಳಿ ಕಳೆದ ಮೇಲೆ ಶುರುಮಾಡಿ ಸಂಕ್ರಾಂತಿ ಆಸುಪಾಸಿಗೆ ಮುಗಿಸುತ್ತೇನೆ. ಮುಗಿದ ತಕ್ಷಣ ಒಳಗೂ ಹೊರಗೂ ಅರಗಿನ ಪಾಲಿಶ್. ಒಳಗೆ ಯಾರು ನೋಡುತ್ತಾರೆ ಎಂದು ಬಿಡುವವರೇ ಜಾಸ್ತಿ. ತೇವ ಬರುವುದೇ ಅಲ್ಲಿಂದ.

ಈಗ ಕಟ್ಟುತ್ತಿರುವುದು ಟ್ರಿಂಕೋಮಲಿ. ಬ್ರಿಟಿಷ್ ನೌಕಾಪಡೆಗಾಗಿ ಬೊಂಬಾಯಿಯಲ್ಲಿ ಜಮ್ಶೆಡ್‌ಜಿ ಬೊಮನ್‌ಜಿ ವಾಡಿಯಾ ಕಟ್ಟಿದ ಯುದ್ಧನೌಕೆ. ಮಲಬಾರಿನ ಸಾಗುವಾನಿಯದು. ಇಂಗ್ಲೆಂಡಿನಿಂದ ಹೊರಟ ಮೊದಲ ನಕ್ಷೆ 1812ರಲ್ಲಿ ‘ಜಾವಾ’ ಎಂಬ ಹಡಗಿನ ಜೊತೆ ಸಮುದ್ರಪಾಲಾಯಿತು, ಇನ್ನೊಂದು ಪ್ರತಿ ಕಳಿಸಬೇಕಾಯಿತು. 1817ರಲ್ಲಿ ನೀರಿಗಿಳಿದ ಹಡಗು ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ನನ್ನದು ಅದರ 72ನೇ ಒಂದು ಭಾಗ.

ಸಾಗುವಾನಿ ಹಡಗಿಗೆ ಸಾಗುವಾನಿಯನ್ನೇ ಹಾಕಬೇಕಲ್ವಾ ಎಂದು ಎಲ್ಲರೂ ಕೇಳುತ್ತಾರೆ. ನಾನು ಹಾಕುವುದಿಲ್ಲ. ಸಾಗುವಾನಿಯ ರಂಧ್ರಗಳು ದೊಡ್ಡವು. 72 ಪಟ್ಟು ಚಿಕ್ಕ ಹಡಗಿನ ಡೆಕ್ ಮೇಲೆ ನಿಂತ ನಾವಿಕನಿಗೆ ಅವು ಬೆರಳು ತೂರುವಷ್ಟು ಅಗಲ. ಎಣ್ಣೆ ಅಂಶ ಬೇರೆ, ಅಂಟು ಸರಿಯಾಗಿ ಹಿಡಿಯುವುದಿಲ್ಲ. ಮೈಗೆ ನನಗೆ ಒಗ್ಗಿದ್ದು ಅರಿಶಿನತೇಗ (ಹೆಸರಲ್ಲಿ ತೇಗ ಇದ್ದರೂ ಸಾಗುವಾನಿ ಅಲ್ಲ, ಬೇರೆ ಮರ): ಹಳದಿ ಬಣ್ಣ, ಸಣ್ಣ ಎಳೆ, ಉಜ್ಜಿದಷ್ಟೂ ನುಣುಪು. ಡೆಕ್‌ಗೆ ಚನ್ನಪಟ್ಟಣದ ಗೊಂಬೆ ಮಾಡುವ ಆಲೆಮರ. ಮೈಮೇಲಿನ ಕಪ್ಪು ಪಟ್ಟೆಗೆ ಮುರಿದ ಬೀಟೆ ಕುರ್ಚಿಯ ತೋಳು ಸಾಕು. ಬೀಟೆ ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ, ಅದರ ಪುಡಿ ಮೂಗಿಗೆ ಒಳ್ಳೆಯದಲ್ಲ. ಕಾಡಿನ ಮರಕ್ಕೆ ಕೈ ಹಾಕುವ ಪ್ರಶ್ನೆಯೇ ಇಲ್ಲ, ಬೇಕಾದ್ದೆಲ್ಲ ಬಡಗಿ ಅಂಗಡಿಯ ತುಂಡುಗಳ ರಾಶಿಯಲ್ಲಿ ಸಿಗುತ್ತದೆ. ನಮ್ಮ ಆಚಾರ್ರು ದುಡ್ಡು ತೆಗೆದುಕೊಳ್ಳುವುದಿಲ್ಲ, ಪ್ರತಿಸಲ ಒಂದೇ ಪ್ರಶ್ನೆ ಕೇಳುತ್ತಾರೆ: “ಮೇಷ್ಟ್ರೇ, ಇದನ್ನ ಯಾವಾಗ ಲಿಂಗನಮಕ್ಕಿ ಹಿನ್ನೀರಿಗೆ ಬಿಡ್ತೀರಿ?”

ಸೀಳಿದ ಪಟ್ಟಿಗಳನ್ನು ಕಟ್ಟು ಕಟ್ಟಿ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ಇಡೀ ಮನೆಯಲ್ಲಿ ಮಳೆಗಾಲದಲ್ಲೂ ಒಣಗಿರುವ ಜಾಗ ಅದೊಂದೇ. “ಸೌದೆ ಅಂತ ಒಲೆಗೆ ಹಾಕಿಬಿಟ್ರೆ ಬೈಬೇಡ ಮತ್ತೆ, ಈಗ್ಲೇ ಹೇಳಿದೀನಿ” ಎಂದು ಅಮ್ಮ ಎಚ್ಚರಿಸಿದ ಮೇಲೆ ಕೆಂಪು ದಾರ ಕಟ್ಟಿಡುತ್ತೇನೆ. ಬಗ್ಗಿಸುವ ಕೆಲಸವೂ ಅಲ್ಲೇ. ಹಂಡೆಯ ಬಿಸಿನೀರನ್ನು ಉದ್ದನೆಯ ಪೈಪಿಗೆ ತುಂಬಿ ಪಟ್ಟಿ ನೆನೆಹಾಕಿ, ಮೆತ್ತಗಾದ ಮೇಲೆ ಬಿಸಿ ಸೋಲ್ಡರಿಂಗ್ ಕಬ್ಬಿಣಕ್ಕೆ ಒತ್ತಿ ಹಿಡಿಯುತ್ತೇನೆ. ಚುಂಯ್ ಎನ್ನುವ ಸದ್ದು ನಿಲ್ಲುವ ಹೊತ್ತಿಗೆ ಬಾಗು ನಿಂತಿರುತ್ತದೆ. ಒದ್ದೆಯಲ್ಲೇ ಅಂಟಿಸಬಾರದು. ಬಾಗಿದ ಪಟ್ಟಿಯನ್ನು ಅದರ ಜಾಗಕ್ಕೆ ಕ್ಲಿಪ್ ಹಾಕಿ ಒಣಗಿಸಿ, ಅಂಟು ಮರುದಿನ.

ಪಟ್ಟಿಗಳಿಗೆ ಆಧಾರವಾಗುವ ಒಳಗಿನ ಅಸ್ಥಿಪಂಜರದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಪ್ಲೈವುಡ್ ನೇರವಾಗಿದ್ದರೆ ಅರ್ಧ ಕೆಲಸ ಆದಂತೆ. ಪಟ್ಟಿ ಹಚ್ಚುವಾಗ ಮಾತ್ರ ಎಡಕ್ಕೊಂದು ಬಲಕ್ಕೊಂದು. ಒಂದೇ ಬದಿ ಮುಗಿಸುತ್ತ ಹೋದರೆ ಹಡಗು ಆ ಕಡೆಗೆ ತಿರುಚಿಕೊಳ್ಳುತ್ತದೆ. ಮೂತಿಯ ಕಡೆ ಪಟ್ಟಿಯನ್ನು ಕಿರಿದು ಮಾಡಬೇಕು, ಆದರೆ ಅರ್ಧಕ್ಕಿಂತ ಕಡಿಮೆ ಬೇಡ.

ನನಗೆ ತುಂಬ ಇಷ್ಟದ ಕೆಲಸ ಮರದ ಮೊಳೆ. ನಿಜವಾದ ಹಡಗಿನಲ್ಲಿ ಹಲಗೆಗೆ ಹೊಡೆಯುತ್ತಿದ್ದ ಮರದ ಗೂಟ ಹೆಚ್ಚುಕಮ್ಮಿ ಒಂದೂವರೆ ಇಂಚು ದಪ್ಪ. ನನ್ನ ಅಳತೆಗೆ ಅದು ಅರ್ಧ ಮಿಲಿಮೀಟರ್. ಇದಕ್ಕೆ ಬಿದಿರನ್ನು ಮೀರಿದ್ದಿಲ್ಲ, ಎಳೆ ನೇರವಾಗಿ ಓಡುತ್ತದೆ. ಗೆಣ್ಣು ಬಿಟ್ಟು ಕತ್ತರಿಸಿ, ಬೆಂಕಿಕಡ್ಡಿಗಿಂತ ಸಣ್ಣಗೆ ಸೀಳಿ, ತುದಿ ಚೂಪು ಮಾಡಿ, ಅಕ್ಕಸಾಲಿಗರು ಬೆಳ್ಳಿ ತಂತಿ ಎಳೆಯುವ ತೂತಿನ ಉಕ್ಕಿನ ಪಟ್ಟಿಯಲ್ಲಿ ಎಳೆಯುತ್ತೇನೆ. ತಂತಿ ಹೋಗುವ ದಿಕ್ಕಿಗಲ್ಲ, ಹಿಂದಿನಿಂದ. ಮುಂದಿನಿಂದ ಎಳೆದರೆ ಬಿದಿರು ಬರೀ ಅಮುಕಿಕೊಳ್ಳುತ್ತದೆ. ಹಿಂದಿನಿಂದಾದರೆ ತೂತಿನ ಅಂಚು ಹೆರೆಯುತ್ತದೆ, ಕೂದಲಿನಷ್ಟು ತೆಳ್ಳನೆಯ ಸಿಪ್ಪೆ ಸುರುಳಿ ಸುತ್ತಿ ಬೀಳುತ್ತದೆ. ತೂತು ಸಣ್ಣದಾಗುತ್ತಾ ಹೋದಂತೆ ಕಡ್ಡಿ ಗುಂಡಗಾಗುತ್ತದೆ. ಆಮೇಲೆ ಹಲಗೆಗೆ ತೂತು, ಒಂದು ಹನಿ ಅಂಟು, ಕಡ್ಡಿ ತೂರಿಸಿ ಬ್ಲೇಡಿನಿಂದ ಕತ್ತರಿಸು. ನೂರಾರು ಸಲ.

ಮಳೆಗಾಲಕ್ಕೆ ಫಿರಂಗಿ ಗಾಡಿ, ರಾಟೆ, ದೋಣಿಗಳಂಥ ಚಿಲ್ಲರೆ ಕೆಲಸ. ಹಗ್ಗವನ್ನೂ ಆಗ ಕಟ್ಟಬಹುದು, ದಾರ ಪಾಲಿಯೆಸ್ಟರ್ ಆಗಿದ್ದರೆ. ಹತ್ತಿ ದಾರ ತೇವಕ್ಕೆ ಬಿಗಿಯುತ್ತದೆ, ಬಿಸಿಲಿಗೆ ಜೋಲುತ್ತದೆ. ಹಾಯಿಕಂಬವನ್ನೇ ಒಂದು ಕಡೆ ವಾಲಿಸಿಬಿಡುವಷ್ಟು ಶಕ್ತಿ ಅದಕ್ಕಿದೆ. ಗಂಟಿನ ಮೇಲೆ ಸೂಪರ್ ಗ್ಲೂ ಹಾಕಿದರೆ ಈ ಥಂಡಿಯಲ್ಲಿ ಸುತ್ತ ಬಿಳಿ ಪುಡಿ ಕೂರುತ್ತದೆ, ಕಪ್ಪು ದಾರದ ಮೇಲೆ ಅಸಹ್ಯವಾಗಿ ಕಾಣುತ್ತದೆ. ನೀರು ಬೆರೆಸಿದ ಮರದ ಅಂಟೇ ವಾಸಿ, ಒಣಗಲು ಅದಕ್ಕೆ ಟೈಮ್ ಕೊಡಬೇಕು ಅಷ್ಟೆ.

ಕೊನೆಗೆ ಗಾಜಿನ ಪೆಟ್ಟಿಗೆ. ಧೂಳು, ಹಲ್ಲಿ, ಜೇಡಕ್ಕೆ ಅದು ಬೇಕೇ ಬೇಕು. ಆದರೆ ಗಾಳಿಯಾಡದಂತೆ ಮುಚ್ಚಬೇಡಿ. ಮರದಿಂದ ಹೊರಡುವ ಹುಳಿ ಆವಿ ಒಳಗೇ ನಿಂತರೆ ಸೀಸದ ಫಿರಂಗಿಗಳು ಬಿಳಿಯ ಪುಡಿಯಾಗಿ ಉದುರುತ್ತವೆ. ನಾನು ಹಿತ್ತಾಳೆಯವನ್ನೇ ಹಾಕುತ್ತೇನೆ, ಹಿಂಬದಿಯ ಹಲಗೆಗೆ ಎರಡು ತೂತು ಕೊರೆದು ಸಣ್ಣ ಜಾಲರಿ ಅಂಟಿಸುತ್ತೇನೆ. ಜಾಲರಿ ಇಲ್ಲದಿದ್ದರೆ ಇರುವೆಗಳು ಡೆಕ್ ಮೇಲೆ ಸಂಸಾರ ಹೂಡುತ್ತವೆ.