ಊರಿನ ಮೆಡಿಕ್ಲೇಮ್ ಮತ್ತು ಅಮೆರಿಕದ ಆಸ್ಪತ್ರೆ: ಗ್ರೀನ್ ಕಾರ್ಡ್ ಪಡೆದ ಹಿರಿಯರಿಗೆ

ಶಿರಸಿ, ಕುಮಟಾ, ಕಾರವಾರಗಳಿಂದ ನಿವೃತ್ತಿಯ ನಂತರ ಗ್ರೀನ್ ಕಾರ್ಡ್ (ಅಮೆರಿಕದಲ್ಲಿ ಕಾಯಂ ನೆಲೆಸುವ ಪರವಾನಗಿ) ಪಡೆದು ಅಲ್ಲಿನ ಮಕ್ಕಳ ಮನೆಗೆ ಹೋಗುವ ಹಿರಿಯರಲ್ಲಿ ಹಲವರು, ವರ್ಷಗಟ್ಟಲೆ ಕಂತು ಕಟ್ಟಿದ ಮೆಡಿಕ್ಲೇಮ್ (ಆರೋಗ್ಯ ವಿಮೆ) ಅಲ್ಲಿಯೂ ಕೈಹಿಡಿದೀತೆಂದು ನಂಬಿರುತ್ತಾರೆ. ಆದರೆ ನಮ್ಮ ಸಾಮಾನ್ಯ ಪಾಲಿಸಿಗಳು ಭಾರತದೊಳಗಿನ ಚಿಕಿತ್ಸೆಗೆ ಮಾತ್ರ ಹಣ ಕೊಡುತ್ತವೆ. 70 ತುಂಬಿದವರಿಗೆ 2024ರ ಅಕ್ಟೋಬರ್‌ನಿಂದ ಸಿಗುತ್ತಿರುವ, ಸರ್ಕಾರದ ಉಚಿತ ಚಿಕಿತ್ಸೆಯ ಆಯುಷ್ಮಾನ್ ವಯ ವಂದನಾ ಕಾರ್ಡ್ ಕೂಡ ಅಲ್ಲಿ ನಡೆಯುವುದಿಲ್ಲ.

ಮಗ ಅಥವಾ ಮಗಳ ಕಂಪನಿಯ ವಿಮೆಗೆ ತಂದೆತಾಯಿಯನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಆದ್ದರಿಂದ ಗ್ರೀನ್ ಕಾರ್ಡ್ ಇದ್ದವರು ಅಲ್ಲಿ ನೆಲೆಸಿದ 60 ದಿನಗಳೊಳಗೆ ಸರ್ಕಾರಿ ಮಾರ್ಕೆಟ್‌ಪ್ಲೇಸ್‌ನಲ್ಲಿ (ಸರ್ಕಾರ ನಡೆಸುವ ಆರೋಗ್ಯ ವಿಮೆಯ ಮಾರುಕಟ್ಟೆ) ವಿಮೆ ಕೊಳ್ಳಬೇಕು. ಈ ಅವಧಿ ತಪ್ಪಿದರೆ ನವೆಂಬರ್ 1ರಿಂದ ಆರಂಭವಾಗುವ ವಾರ್ಷಿಕ ನೋಂದಣಿಯವರೆಗೆ ಕಾಯಬೇಕಾದೀತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ ಇದೆಯೆಂದು ಅಲ್ಲಿ ವಿಮೆ ನಿರಾಕರಿಸುವಂತಿಲ್ಲ, ಹೆಚ್ಚು ಹಣ ಕೇಳುವಂತೆಯೂ ಇಲ್ಲ. ನಮ್ಮ ವಯಸ್ಸಿನವರಿಗೆ ಇದು ಬಹಳ ದೊಡ್ಡ ಆಸರೆ ಎಂದೇ ನನ್ನ ಅಭಿಪ್ರಾಯ. ಆದರೆ ವಯಸ್ಸು ಹೆಚ್ಚಿದಂತೆ ಕಂತು ಹೆಚ್ಚಾಗುತ್ತದೆ.

65 ದಾಟಿದವರಿಗೆ ಅಮೆರಿಕ ಸರ್ಕಾರ ನೀಡುವ ಆರೋಗ್ಯ ವಿಮೆಯಾದ ಮೆಡಿಕೇರ್, ಅಲ್ಲಿಗೆ ಹೋದ ಕೂಡಲೇ ಸಿಗುವಂಥದ್ದಲ್ಲ. ಗ್ರೀನ್ ಕಾರ್ಡ್ ಹೊಂದಿ ಸತತ 5 ವರ್ಷ ಅಲ್ಲಿ ವಾಸಿಸಿರಬೇಕು. ತಾವು ಅಥವಾ ಸಂಗಾತಿ ಸುಮಾರು 10 ವರ್ಷ ಅಲ್ಲಿ ದುಡಿದು ತೆರಿಗೆ ಕಟ್ಟಿರದಿದ್ದರೆ ಮೆಡಿಕೇರ್‌ನ ಆಸ್ಪತ್ರೆ ವಾಸದ ಭಾಗಕ್ಕೂ ಕಂತು ತೆರಬೇಕು. ಮಕ್ಕಳು ಕಟ್ಟಿದ ತೆರಿಗೆ ಈ ಲೆಕ್ಕಕ್ಕೆ ಬರುವುದಿಲ್ಲ. 2025ರಲ್ಲಿ ಆ ಭಾಗಕ್ಕೆ ತಿಂಗಳಿಗೆ 518 ಡಾಲರ್, ವೈದ್ಯರ ಭೇಟಿಯ ಭಾಗಕ್ಕೆ 185 ಡಾಲರ್ ಇತ್ತು. ಅಡಿಕೆ ಕೊಯ್ಲಿಗೆಂದು ಬಂದು ದೀರ್ಘಕಾಲ ಊರಲ್ಲೇ ಉಳಿದರೆ ಆ 5 ವರ್ಷಗಳ ಸಾತತ್ಯವೇ ಪ್ರಶ್ನೆಗೆ ಒಳಗಾಗಬಹುದು ಎಂಬುದನ್ನು ತೋಟವಿರುವವರು ಮರೆಯಬಾರದು.

ಹೀಗೆಂದು ಊರಿನ ಪಾಲಿಸಿಯನ್ನು ದಯವಿಟ್ಟು ಬಿಡಬೇಡಿ. ಮೆಡಿಕೇರ್ ಭಾರತದಲ್ಲಿ ಪಡೆದ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಊರಿಗೆ ಬಂದಾಗ, ಅಥವಾ ಮರಳಿ ಇಲ್ಲಿಯೇ ನೆಲೆಸಿದಾಗ, ಮುಖ್ಯವಾಗಿ ಕೈಹಿಡಿಯುವುದು ಈ ಪಾಲಿಸಿಯೇ. ಕಂತು ಕಟ್ಟಲು ಕೊಡುವ 30 ದಿನಗಳ ಹೆಚ್ಚುವರಿ ಗಡುವೂ ಮೀರಿ ಅದು ರದ್ದಾದರೆ, ಮುಂದೆ ಹೊಸದಾಗಿ ಕೊಳ್ಳುವಾಗ ಮೊದಲೇ ಇದ್ದ ಕಾಯಿಲೆಗಳಿಗೆ 3 ವರ್ಷದವರೆಗೆ ಕಾಯಬೇಕಾಗಬಹುದು, ಮತ್ತು 70ರ ನಂತರ ಹೊಸ ಪಾಲಿಸಿ ಸಿಗುವುದೇ ಕಷ್ಟ. ನಿರಂತರವಾಗಿ 5 ವರ್ಷ ನಡೆದ ಪಾಲಿಸಿಯ ಕ್ಲೇಮನ್ನು, ವಂಚನೆ ಸಾಬೀತಾದ ಹೊರತು, ಮಾಹಿತಿ ಮುಚ್ಚಿಟ್ಟಿರೆಂಬ ಕಾರಣಕ್ಕೆ ತಳ್ಳಿಹಾಕುವಂತಿಲ್ಲ. ಕಂತು ನಿಲ್ಲಿಸಿದರೆ ಈ ರಕ್ಷಣೆಯೂ ಹೋಗುತ್ತದೆ.

ಅನೇಕರ ಪಾಲಿಸಿ ರದ್ದಾಗುವುದು ಹಣದ ಅಭಾವದಿಂದಲ್ಲ, ಬ್ಯಾಂಕ್ ಖಾತೆಯಿಂದ. ವಿದೇಶದಲ್ಲಿ ನೆಲೆಸಿದ ಮೇಲೆ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿ ಭಾರತೀಯರ) ಖಾತೆಯಾಗಿ ಬದಲಿಸಬೇಕು. ಆಗ ಕಂತು ತಾನಾಗಿ ಕಡಿತವಾಗುವ ಹಳೆಯ ವ್ಯವಸ್ಥೆ ಮುಂದುವರಿದಿದೆಯೇ ಎಂದು ಶಾಖೆಯಲ್ಲಿ ಕೇಳಿ, ಜೊತೆಗೆ ವಿಮಾ ಕಂಪನಿಗೂ ಹೊಸ ವಿಳಾಸ ಮತ್ತು ಮೊಬೈಲ್ ಸಂಖ್ಯೆಯನ್ನು ಬರಹದಲ್ಲಿ ತಿಳಿಸಿ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಗಂಭೀರ ರೋಗಿಗಳು ಇಂದಿಗೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿಗಳಿಗೇ ಹೋಗಬೇಕಾಗಿರುವುದರಿಂದ, ಅಲ್ಲಿನ ಯಾವ ಆಸ್ಪತ್ರೆಗಳು ನಿಮ್ಮ ಕಂಪನಿಯ ಕ್ಯಾಶ್‌ಲೆಸ್ (ಬಿಲ್ಲನ್ನು ಕಂಪನಿಯೇ ನೇರವಾಗಿ ಕಟ್ಟುವ) ಪಟ್ಟಿಯಲ್ಲಿವೆ ಎಂಬುದನ್ನು ಪ್ರತಿ ನವೀಕರಣದ ವೇಳೆ ನೋಡಿ, ಊರಿನ ಮನೆಯಲ್ಲಿರುವವರಿಗೂ ಬರೆದು ಕೊಡಿ.