ಕಡಲಲ್ಲಿ ಬೋಟು ಕೆಟ್ಟರೆ ಕೋಸ್ಟ್ ಗಾರ್ಡ್‌ಗೆ ಜಾಗ ಹೇಳುವುದು ಹೇಗೆ?

ಡಿಸೆಂಬರ್ ಬಂತೆಂದರೆ ಚಿಕ್ಕಮಗಳೂರಿನಿಂದ ಗಾಳ ಹಿಡಿದು ಮಲ್ಪೆ ಕಡೆ ಇಳಿಯುವವರು ತುಂಬಾ ಜನ. ಹೋದ ಸಲ ನಾವೂ ಆರು ಜನ ಚಿಕ್ಕ ಬೋಟು ಬಾಡಿಗೆಗೆ ಹಿಡಿದು ಹೋಗಿದ್ದೆವು. ದಡ ಕಣ್ಮರೆಯಾದ ಮೇಲೆ ಎಂಜಿನ್ ನಿಂತಿತು. ಫೋನ್ ಹಿಡಿದ ಗೆಳೆಯ "ಮಲ್ಪೆ ಹತ್ತಿರ, ದ್ವೀಪದಿಂದ ಸ್ವಲ್ಪ ಆಚೆ" ಅಂತಲೇ ಹೇಳುತ್ತಿದ್ದ. ಆ ಕಡೆ ಇದ್ದ ಕೋಸ್ಟ್ ಗಾರ್ಡ್‌ನವರಿಗೆ ಬೇಕಿದ್ದದ್ದು ಅಕ್ಷಾಂಶ, ರೇಖಾಂಶದ ಅಂಕಿ. ಕೊನೆಗೆ ಕೊಟ್ಟ ಅಂಕಿಯೂ ತಪ್ಪಾಗಿತ್ತು. ಅಷ್ಟರಲ್ಲಿ ಮೀನಿನ ಬೋಟೊಂದು ಬಂದು ನಮ್ಮನ್ನು ಎಳೆದುಕೊಂಡು ಹೋಯಿತು. ಬರದೇ ಇದ್ದಿದ್ದರೆ?

ಹೊರಡುವ ಮೊದಲು ಲೈಫ್ ಜಾಕೆಟ್ ಹಾಕಿ, ಬಕಲ್ ಬಿಗಿ ಮಾಡಿ. ಫೋನ್ ಪೂರ್ತಿ ಚಾರ್ಜ್ ಇರಲಿ. 1554 ಸೇವ್ ಮಾಡಿಕೊಳ್ಳಿ, ಇದು ಕೋಸ್ಟ್ ಗಾರ್ಡ್‌ನ ಉಚಿತ ನಂಬರ್. ಫೋನಿಗೆ ನೀರು ತಾಗದಂತೆ ಬೀಚಿನಲ್ಲಿ ಮಾರುವ ಅಗ್ಗದ ಪ್ಲಾಸ್ಟಿಕ್ ಚೀಲವನ್ನು ನಂಬಬೇಡಿ. ಒಳಗೆ ಟಿಶ್ಯೂ ಪೇಪರ್ ಇಟ್ಟು ಮನೆಯ ಬಕೆಟ್‌ನಲ್ಲಿ ಅರ್ಧ ಗಂಟೆ ಮುಳುಗಿಸಿ ನೋಡಿ. ನಾನು ತಂದ ಎರಡರಲ್ಲೂ ನೀರು ನುಗ್ಗಿತ್ತು.

ತೊಂದರೆಯಾದರೆ ಸಿಗ್ನಲ್ ಇರುವಾಗಲೇ ಕರೆ ಮಾಡಿ. "ಇನ್ನೊಂದು ಸಲ ಸ್ಟಾರ್ಟ್ ಮಾಡಿ ನೋಡೋಣ" ಅಂತ ಕಾಯುತ್ತಾ ಕೂರಬೇಡಿ. ದಡದಿಂದ ದೂರ ಹೋದಷ್ಟೂ ಸಿಗ್ನಲ್ ಸಿಗುವುದಿಲ್ಲ. ಬೋಟಿನಲ್ಲಿ ವಿಎಚ್‌ಎಫ್ ರೇಡಿಯೊ (ಹಡಗು, ಬೋಟಿನವರು ಮಾತಾಡಿಕೊಳ್ಳುವ ವೈರ್‌ಲೆಸ್) ಇದ್ದರೆ ಫೋನಿಗಿಂತ ಅದೇ ಒಳ್ಳೆಯದು. 16ನೇ ಚಾನೆಲ್ ಹಾಕಿ. ಸುತ್ತಲಿನ ಹಡಗುಗಳಿಗೂ ನಿಮ್ಮ ಮಾತು ಕೇಳಿಸುತ್ತದೆ. ಜೀವಕ್ಕೇ ಅಪಾಯವಿದ್ದರೆ ಮೂರು ಸಲ "ಮೇಡೇ", ಬರೀ ಎಂಜಿನ್ ಕೆಟ್ಟಿದ್ದರೆ ಮೂರು ಸಲ "ಪ್ಯಾನ್ ಪ್ಯಾನ್" ಎನ್ನಿ. ಗುಂಡಿ ಒತ್ತಿ ಮಾತಾಡಿ, ಬಿಟ್ಟು ಕೇಳಿ. ಬೋಟಿನ ಹೆಸರು, ಇರುವ ಜಾಗ, ಆಗಿರುವ ತೊಂದರೆ, ಎಷ್ಟು ಜನ, ಇಷ್ಟು ಹೇಳಿದರೆ ಸಾಕು.

ಎಲ್ಲರೂ ಎಡವುವುದು ಜಾಗ ಹೇಳುವಾಗಲೇ. ನಮ್ಮ ಪಶ್ಚಿಮ ಕರಾವಳಿಯ ರಕ್ಷಣಾ ಕೆಲಸವನ್ನು ನೋಡಿಕೊಳ್ಳುವ ಕೇಂದ್ರ ಮುಂಬೈನಲ್ಲಿದೆ. ಅಲ್ಲಿ ಕೂತವರಿಗೆ "ದ್ವೀಪದಿಂದ ಆಚೆ" ಅಂದರೆ ಏನು ಗೊತ್ತಾಗುತ್ತದೆ? ಗಸ್ತು ಹಡಗು ಬರುವುದು ನೀವು ಹೇಳಿದ ಅಕ್ಷಾಂಶ, ರೇಖಾಂಶಕ್ಕೆ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ. ಗೂಗಲ್ ಮ್ಯಾಪ್‌ನಲ್ಲಿ ನೀಲಿ ಚುಕ್ಕೆಯ ಮೇಲೆ ಒತ್ತಿ ಹಿಡಿದರೆ ಎರಡು ಅಂಕಿ ಕಾಣುತ್ತವೆ. ಉದಾಹರಣೆಗೆ 13.35 ಮತ್ತು 74.60 ಅಂತಿಟ್ಟುಕೊಳ್ಳಿ. ನನ್ನ ಗೆಳೆಯ ಇಂಥ ಅಂಕಿಯನ್ನೇ "13 ಡಿಗ್ರಿ 35 ಮಿನಿಟ್" ಎಂದು ಓದಿದ್ದ. ಆದರೆ ಒಂದು ಡಿಗ್ರಿಗೆ 60 ಮಿನಿಟ್, ಹಾಗಾಗಿ 13.35 ಅಂದರೆ 13 ಡಿಗ್ರಿ 21 ಮಿನಿಟ್. ಅಕ್ಷಾಂಶದ ಒಂದು ಮಿನಿಟ್ ಅಂದರೆ ಒಂದು ನಾಟಿಕಲ್ ಮೈಲಿ, ಅಂದರೆ 1.85 ಕಿಲೋಮೀಟರ್. 14 ಮಿನಿಟ್ ತಪ್ಪಿದರೆ ಸುಮಾರು 26 ಕಿಲೋಮೀಟರ್! 74.60 ಅನ್ನೂ ಹಾಗೇ ಓದಿದರೆ 75 ಡಿಗ್ರಿ ಆಗುತ್ತದೆ. ಆಗ ನೀವು ಹೇಳಿದ ಜಾಗ ಕಡಲಲ್ಲೇ ಇಲ್ಲ, ಘಟ್ಟದ ಬುಡದಲ್ಲಿದೆ.

ಮಿನಿಟ್ ಲೆಕ್ಕಕ್ಕೆ ಹೋಗಲೇಬೇಡಿ. "ಒಂದು ಮೂರು ಪಾಯಿಂಟ್ ಮೂರು ಐದು ಡಿಗ್ರಿ ಉತ್ತರ" ಎಂದು ಒಂದೊಂದೇ ಅಂಕಿ ಓದಿ. ಎರಡನೆಯದಕ್ಕೆ "ಪೂರ್ವ" ಎನ್ನಿ. ಅವರಿಂದ ವಾಪಸ್ ಓದಿಸಿಕೊಳ್ಳಿ. ಅಂಕಿ ಓದಿದ ಸಮಯವನ್ನೂ ಹೇಳಿ. ಮನೆಯಲ್ಲೇ ಒಮ್ಮೆ ಅಭ್ಯಾಸ ಮಾಡಿದರೆ ಇನ್ನೂ ಒಳ್ಳೆಯದು. ಚಿಕ್ಕಮಗಳೂರಿನ ಅಕ್ಷಾಂಶ 13.32, ಹೆಚ್ಚುಕಡಿಮೆ ಮಲ್ಪೆಯದ್ದೇ. ಬದಲಾಗುವುದು ರೇಖಾಂಶ ಮಾತ್ರ. ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸಿ ಸುಮ್ನೆ ಕೂರುವವರಿದ್ದಾರೆ. ಡೇಟಾ ಇಲ್ಲದಿದ್ದರೆ ಅದು ಹೋಗಿಯೇ ಇರುವುದಿಲ್ಲ.

ಆಮೇಲೆ ನೀರಿನ ಆಳ ಕಡಿಮೆಯಿದ್ದರೆ ಲಂಗರು ಹಾಕಿ. ಗಂಟೆಗೆ 2 ನಾಟಿಕಲ್ ಮೈಲಿ ತೇಲಿದರೂ ಮೂರು ಗಂಟೆಯಲ್ಲಿ ನೀವು 11 ಕಿಲೋಮೀಟರ್ ದೂರದಲ್ಲಿರುತ್ತೀರಿ. ಹಾಗಾಗಿ ಅರ್ಧ ಗಂಟೆಗೊಮ್ಮೆ ಹೊಸ ಅಂಕಿ ತಿಳಿಸುತ್ತಿರಿ. ಬೋಟು ಬಿಟ್ಟು ಈಜಲು ಹೊರಡಬೇಡಿ. ನೀರಿನಲ್ಲಿ ಒಂಟಿ ತಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಡಗು ಕಂಡಾಗ ಒಂದು ಕೈ ಬೀಸಿದರೆ ನಮಸ್ಕಾರ ಹೇಳುತ್ತಿದ್ದೀರಿ ಅಂದುಕೊಳ್ಳುತ್ತಾರೆ. ಎರಡೂ ತೋಳುಗಳನ್ನು ಪಕ್ಕಕ್ಕೆ ಚಾಚಿ ನಿಧಾನವಾಗಿ ಮೇಲೆ ಕೆಳಗೆ ಮಾಡುತ್ತಿರಿ. ಸಹಾಯ ಬೇಕು ಎನ್ನುವುದಕ್ಕೆ ಎಲ್ಲ ದೇಶದ ನಾವಿಕರಿಗೂ ಗೊತ್ತಿರುವ ಸಂಜ್ಞೆ ಅದು. ಹಡಗು ಪಕ್ಕಕ್ಕೆ ಬಂದಾಗ ಎಲ್ಲರೂ ಒಂದೇ ಬದಿಗೆ ಓಡಬೇಡಿ, ಬೋಟು ಮಗುಚುತ್ತದೆ.

ನಮ್ಮ ಹಾಗೆ ಬೇರೆ ಬೋಟಿನವರು ಕಾಪಾಡಿದರೆ ತಕ್ಷಣ 1554ಕ್ಕೆ ಮತ್ತೆ ಕರೆ ಮಾಡಿ, ಪಾರಾಗಿದ್ದೇವೆ ಎಂದು ತಿಳಿಸಿ. ಇಲ್ಲದಿದ್ದರೆ ಅವರು ಹುಡುಕುತ್ತಲೇ ಇರುತ್ತಾರೆ. ಅದೇ ಹೊತ್ತಿಗೆ ಇನ್ನೊಂದು ಬೋಟಿಗೆ ಆ ಹಡಗು ಬೇಕಾಗಿರಬಹುದು.