ಆಪರೇಟರ್ ಮಾವನ ಜೊತೆ ಏಷ್ಯಾದ ಸಿನಿಮಾ

ದಾವಣಗೆರೆ ಚೌಕಿಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ರಾತ್ರಿ ಎಂಟೂವರೆಗೆ ಶಟರ್ ಎಳೆದರೆ ಕೆಲಸ ಮುಗಿಯಿತು. ಮನೆಗೆ ಬಂದು ಊಟ ಮಾಡಿ, ಲ್ಯಾಪ್‌ಟಾಪ್ ಹಿಡಿದು ಮಾವನ ಕೋಣೆಗೆ ಹೋಗುತ್ತೇನೆ. ವಾರಕ್ಕೆ ಎರಡು ಸಿನಿಮಾ. ಜಪಾನಿನದು, ಕೊರಿಯಾದ್ದು, ಇರಾನಿನದು, ಫಿಲಿಪೀನ್ಸಿನದು. ನಮ್ಮೂರಲ್ಲಿ ಯಾವ ಟಾಕೀಸಿಗೂ ಬರದೇ ಇದ್ದವು.

ಮಾವ ಅಂದರೆ ನಮ್ಮ ತಾಯಿಯ ತಮ್ಮ. ದಾವಣಗೆರೆಯದೇ ಒಂದು ಟಾಕೀಸಿನಲ್ಲಿ ಮೂವತ್ತು ವರ್ಷ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವರು. ಕಾರ್ಬನ್ ಕಡ್ಡಿ ಉರಿಸಿ ಬೆಳಕು ಮಾಡುತ್ತಿದ್ದ ಕಾಲದಿಂದ, ರೀಲು ಹೋಗಿ ಡಿಜಿಟಲ್ ಪೆಟ್ಟಿಗೆ ಬರುವ ತನಕ. ಆ ಪೆಟ್ಟಿಗೆ ಬಂದ ವರ್ಷವೇ ಕೆಲಸ ಬಿಟ್ಟರು. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಶುರುವಾದದ್ದು 2020ರ ಲಾಕ್‌ಡೌನಿನಲ್ಲಿ. ಎಲ್ಲರಂತೆ ನಾನೂ ಮಾಡಿದ್ದು ಒಂದೇ ಕೆಲಸ: 'ನೋಡಲೇಬೇಕಾದ ನೂರು ಏಷ್ಯನ್ ಸಿನಿಮಾ' ಅಂತ ಒಂದು ಪಟ್ಟಿ ಹುಡುಕಿ, ಮೇಲಿಂದ ಕೆಳಗೆ ಟಿಕ್ ಹಾಕುತ್ತಾ ಹೋಗುವುದು. ಎರಡನೇ ದಿನವೇ ತೈವಾನಿನ ಎಡ್ವರ್ಡ್ ಯಾಂಗ್ ಅವರ 'ಎ ಬ್ರೈಟರ್ ಸಮ್ಮರ್ ಡೇ' ಬಂತು. 1991ರದು, ಹತ್ತಿರಹತ್ತಿರ ನಾಲ್ಕು ಗಂಟೆ. ಒಂದು ಗಂಟೆಗೆ ನಾನು ನಿದ್ದೆ, ಮಾವ ಅದಕ್ಕಿಂತ ಮೊದಲು. ಎರಡು ವರ್ಷ ಬಿಟ್ಟು ಅದನ್ನೇ ಎರಡು ರಾತ್ರಿ ಮಾಡಿಕೊಂಡು ನೋಡಿದೆ. ಎಷ್ಟು ದೊಡ್ಡ ಸಿನಿಮಾ ಅಂತ ಆಗ ಗೊತ್ತಾಯಿತು. ಆದರೆ ಎರಡನೇ ದಿನಕ್ಕೆ ನೋಡುವಂಥದ್ದಲ್ಲ. ಪಟ್ಟಿ ಮಾಡಿದವನಿಗೆ ಅದು ಗೊತ್ತಿರಲಿಲ್ಲವೋ ಏನೋ.

ಪಟ್ಟಿ ಬಿಟ್ಟೆ. ಮಾತೇ ಕಡಿಮೆ ಇರುವ ಸಿನಿಮಾ ಹುಡುಕಿದೆ, ಮಾವನಿಗೋಸ್ಕರ. ಸಿಕ್ಕಿದ್ದು ಜಪಾನಿನ ಕನೆತೊ ಶಿಂಡೊ ಮಾಡಿದ 'ದಿ ನೇಕೆಡ್ ಐಲ್ಯಾಂಡ್', 1960ರದು. ಒಂದು ಪುಟ್ಟ ದ್ವೀಪ. ಗಂಡ, ಹೆಂಡತಿ, ಇಬ್ಬರು ಗಂಡುಮಕ್ಕಳು. ದ್ವೀಪದಲ್ಲಿ ಕುಡಿಯುವ ನೀರಿಲ್ಲ. ಪಕ್ಕದ ದ್ವೀಪಕ್ಕೆ ದೋಣಿಯಲ್ಲಿ ಹೋಗಿ, ನೀರು ತುಂಬಿಕೊಂಡು ಬಂದು, ಹೆಗಲ ಮೇಲೆ ಕೋಲು ಇಟ್ಟು ಎರಡು ಕಡೆ ಬಕೀಟು ತೂಗಿಸಿಕೊಂಡು ಗುಡ್ಡ ಹತ್ತಬೇಕು. ಹತ್ತಿ, ಒಂದೊಂದು ಗಿಡದ ಬುಡಕ್ಕೂ ಸೌಟಿನಲ್ಲಿ ಬಡಿಸಿದ ಹಾಗೆ ನೀರು ಹಾಕಬೇಕು. ಮತ್ತೆ ಇಳಿಯಬೇಕು. ಸಿನಿಮಾದ ಉದ್ದಕ್ಕೂ ಇಷ್ಟೇ, ಮಾತು ಇಲ್ಲವೇ ಇಲ್ಲ ಅನ್ನಬಹುದು.

ಒಂದು ಕಡೆ ಹೆಂಡತಿ ಕಾಲು ಜಾರಿ ಒಂದು ಬಕೀಟು ಚೆಲ್ಲುತ್ತಾಳೆ. ಗಂಡ ಬಂದು ಕೆನ್ನೆಗೆ ಒಂದು ಬಿಡುತ್ತಾನೆ. ಆಮೇಲೆ ಇಬ್ಬರೂ ಏನೂ ಆಗದ ಹಾಗೆ ಉಳಿದ ನೀರು ಹೊರುತ್ತಾರೆ. ನನಗೆ ಅವನ ಮೇಲೆ ಸಿಟ್ಟು ಬಂತು. ಮಾವ ಎದ್ದು ಕೂತರು. ಅವರು ಹುಟ್ಟಿದ್ದು ಜಗಳೂರು ಕಡೆ. ನೀರಿಗೆ ಅಲೆದವರು. "ಅವಳ ಹೆಗಲು ನೋಡಲೇ," ಅಂದರು. "ಖಾಲಿ ಬಕೀಟಾದರೆ ಕೋಲು ಹಾಗೆ ಬಾಗ್ತದಾ? ನೀರು ತುಂಬಿಸೇ ಹೊರ್ಸಾರೆ." ಸಿನಿಮಾ ಮುಗಿಯುವ ತನಕ ಎಲೆ ಅಡಿಕೆಗೂ ಕೈ ಹಾಕಲಿಲ್ಲ.

ಈ ಸಿನಿಮಾಗೆ 1961ರಲ್ಲಿ ಮಾಸ್ಕೋ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಬಂತು. ಮುಳುಗುತ್ತಿದ್ದ ಶಿಂಡೊ ಅವರ ಕಂಪನಿ ಅದರಿಂದ ಉಳಿಯಿತು. ಮಾವ ಕೇಳಿದ್ದು ಅದನ್ನಲ್ಲ. "ಈ ಮನುಷ್ಯ ಇನ್ನೇನೇನು ಮಾಡ್ಯಾನೆ?" ಅಂತ. ಅಲ್ಲಿಂದ ನನಗೆ ದಾರಿ ಸಿಕ್ಕಿತು. ಅದೇ ಶಿಂಡೊ 1964ರಲ್ಲಿ ಮಾಡಿದ್ದು 'ಒನಿಬಾಬ'. ಯುದ್ಧದ ಕಾಲ. ಆಳೆತ್ತರದ ಹುಲ್ಲಿನ ನಡುವೆ ಅತ್ತೆ, ಸೊಸೆ. ದಾರಿ ತಪ್ಪಿ ಬಂದ ಸಿಪಾಯಿಗಳನ್ನು ಕೊಂದು ಗುಂಡಿಗೆ ತಳ್ಳಿ, ಕತ್ತಿ ಕವಚ ಮಾರಿ ಹೊಟ್ಟೆ ಹೊರೆಯುತ್ತಾರೆ. ಕೊನೆಗೆ ಅತ್ತೆ ಹಾಕಿಕೊಂಡ ಮುಖವಾಡ ಕಳಚಲಿಕ್ಕೇ ಬರುವುದಿಲ್ಲ. ಅಪ್ಪಟ ದೆವ್ವದ ಸಿನಿಮಾದ ನಡೆ. ಎರಡರಲ್ಲೂ ನಾಯಕಿ ನೊಬುಕೊ ಒಟೊವಾ ಎಂಬ ಒಬ್ಬಳೇ ನಟಿ. ನೀರು ಹೊತ್ತವಳೇ ಇಲ್ಲಿ ಹೆಣ ಎಳೆಯುತ್ತಾಳೆ. ಶಿಂಡೊ ನೂರು ವರ್ಷ ಬದುಕಿ 2012ರಲ್ಲಿ ತೀರಿಕೊಂಡರು. ತೊಂಬತ್ತು ದಾಟಿದ ಮೇಲೂ ಸಿನಿಮಾ ಮಾಡುತ್ತಿದ್ದರು.

ಹೀಗೆ ಒಂದರ ಬಾಲ ಹಿಡಿದು ಇನ್ನೊಂದಕ್ಕೆ ಹೋಗುವುದು ನಮ್ಮ ಪದ್ಧತಿ ಆಯಿತು. ಅಂಗಡಿಯ ಹಳೇ ಉದ್ದ ಖಾತೆ ಪುಸ್ತಕ ಒಂದಿತ್ತು. ಎಡಕ್ಕೆ ನೋಡಿದ ಸಿನಿಮಾ, ಬಲಕ್ಕೆ ಅದರಿಂದ ಎಲ್ಲಿಗೆ ಹೋಗಬಹುದು ಅಂತ. ಬಾಲ ಏನಾದರೂ ಆಗಬಹುದು. ಅದೇ ನಟಿ, ಅದೇ ಕಸುಬು, ಅದೇ ವರ್ಷದಲ್ಲಿ ಪಕ್ಕದ ದೇಶ.

ಕಸುಬಿನ ಬಾಲ ಹಿಡಿದು ಸಿಕ್ಕಿದ್ದು ಇರಾನಿನ ಸೊಹ್ರಾಬ್ ಶಹೀದ್ ಸಾಲೆಸ್ ಅವರ 'ಸ್ಟಿಲ್ ಲೈಫ್', 1974. ಊರಾಚೆಯ ಒಂದು ರೈಲ್ವೆ ಗೇಟು. ಅದನ್ನು ಎತ್ತಿ ಇಳಿಸುವ ಮುದುಕ. ಹೆಂಡತಿ ಜಮಖಾನ ನೇಯುತ್ತಾಳೆ. ಒಂದು ದಿನ ನಿವೃತ್ತಿಯ ಕಾಗದ ಬರುತ್ತದೆ, ಅವನಿಗೆ ಅದು ಅರ್ಥವೇ ಆಗುವುದಿಲ್ಲ. ಬರ್ಲಿನ್ ಚಿತ್ರೋತ್ಸವದಲ್ಲಿ ಬೆಳ್ಳಿ ಕರಡಿ ಪ್ರಶಸ್ತಿ ಬಂದ ಸಿನಿಮಾ. ನಮ್ಮೂರ ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿನ ಮುಂದೆ ಸ್ಕೂಟರ್ ಆಫ್ ಮಾಡಿ ನಿಂತು ಬೆಳೆದವರು ನಾವು. ಗೇಟಿನ ಆಚೆ ಈಚೆ ನಿಂತವರ ಕಥೆ ಗೊತ್ತು. ಗೇಟಿನವನ ಕಥೆ ಕೇಳಿರಲಿಲ್ಲ. ಮಾವನಿಗೆ ಇದು ಜಾಸ್ತಿ ತಾಗಿತು ಅಂತ ನನಗೆ ಅನ್ನಿಸಿತು, ಕೇಳಲಿಲ್ಲ. ಡಿಜಿಟಲ್ ಪೆಟ್ಟಿಗೆ ಬಂದ ವರ್ಷ ಅವರ ಮುಖ ಹೇಗಿತ್ತು ಅಂತ ನಾನು ನೋಡಿದ್ದೇನೆ.

ಬರೀ ಇಂಥವೇ ನೋಡುತ್ತಾ ಕೂತರೆ ತಲೆ ಭಾರ ಆಗುತ್ತದೆ. ಅದಕ್ಕೆ ನಡುನಡುವೆ ಹೊಡೆದಾಟ. ಕಿಂಗ್ ಹು ಅವರ 'ಡ್ರ್ಯಾಗನ್ ಇನ್' 1967ರದು, 'ಎ ಟಚ್ ಆಫ್ ಝೆನ್' 1971ರದು, ಎರಡೂ ತೈವಾನಿನಲ್ಲಿ ತೆಗೆದವು. ಎರಡನೆಯದರಲ್ಲಿ ಮೊದಲ ಹೊಡೆದಾಟ ಬರಲು ಹತ್ತಿರಹತ್ತಿರ ಒಂದು ಗಂಟೆ ಬೇಕು. ಮಾವ ಗೊಣಗಿದರು. ಆದರೆ ಬಿದಿರು ಕಾಡಿನ ಹೊಡೆದಾಟ ಬಂದಾಗ ಸುಮ್ಮನಾದರು. ಬೀಜಿಂಗ್ ಆಪೆರಾದ ತಾಳ, ನಡಿಗೆಯನ್ನು ಕಿಂಗ್ ಹು ಹೊಡೆದಾಟಕ್ಕೆ ತಂದವರು. ಹೆಜ್ಜೆ ಇಟ್ಟರೆ ತಾಳ, ತಿರುಗಿದರೆ ತಾಳ. ನಮ್ಮ ಕಡೆ ದೊಡ್ಡಾಟ ನೋಡಿದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. "ರಾಜ ಬರೋವಾಗ ಮದ್ದಳೆ ಬಿತ್ತಲ್ಲ, ಹಂಗೇ," ಅಂದರು ಮಾವ. ಆಗಿನಿಂದ ಕಿಂಗ್ ಹು ನಮ್ಮ ಮನೆಯಲ್ಲಿ 'ದೊಡ್ಡಾಟದವನು'.

ಎಡವಿದ್ದೂ ಇದೆ. ಕೊರಿಯಾದ ಕಿಮ್ ಕಿ-ಯಂಗ್ ಅವರ 'ದಿ ಹೌಸ್‌ಮೇಡ್', 1960ರದು. ಹೆಸರು ನೋಡಿ ಸಂಸಾರದ ಕಥೆ ಅಂದುಕೊಂಡು ಭಾನುವಾರ ಮಧ್ಯಾಹ್ನ ಮಂಡಕ್ಕಿ, ಮೆಣಸಿನಕಾಯಿ ಇಟ್ಟುಕೊಂಡು ಮನೆಮಂದಿಯೆಲ್ಲ ಕೂತೆವು. ಪಿಯಾನೊ ಮೇಷ್ಟ್ರು ಹೊಸ ಮಹಡಿ ಮನೆ ಕಟ್ಟಿಸಿ ಕೆಲಸದವಳನ್ನು ಇಟ್ಟುಕೊಳ್ಳುತ್ತಾನೆ. ಆಮೇಲೆ ಇಲಿ, ಇಲಿ ಪಾಷಾಣ, ಮೆಟ್ಟಿಲು, ಸಾವು. ನನ್ನ ಹೆಂಡತಿ ಅರ್ಧಕ್ಕೇ ಎದ್ದಳು. "ಏನ್ರೀ ಇದು, ಮಕ್ಕಳನ್ನ ಕೂರಿಸ್ಕೊಂಡು ನೋಡೋ ಸಿನಿಮಾನಾ?" ತಪ್ಪು ನನ್ನದೇ. ಈಗ ಯಾವುದೇ ಸಿನಿಮಾ ಆದರೂ ಮೊದಲ ಇಪ್ಪತ್ತು ನಿಮಿಷ, ನಡುವೆ ಹತ್ತು ನಿಮಿಷ ನಾನೊಬ್ಬನೇ ನೋಡಿಡುತ್ತೇನೆ.

ಆದರೆ ಆ ಸಿನಿಮಾದ ಇನ್ನೊಂದು ಕಥೆ ಮಾವನನ್ನು ಹಿಡಿಯಿತು. ಮೂಲ ನೆಗೆಟಿವ್‌ನಲ್ಲಿ ಎರಡು ರೀಲು ಇರಲಿಲ್ಲ. 1990ರಲ್ಲಿ ಒಂದು ಹಳೇ ಪ್ರಿಂಟ್ ಸಿಕ್ಕಿತು. ಆದರೆ ಅದರ ಮೇಲೆ ಕೈಯಲ್ಲಿ ಬರೆದ ಇಂಗ್ಲಿಷ್ ಸಬ್‌ಟೈಟಲ್. ಆ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಒಂದೊಂದು ಚೌಕಟ್ಟಿನಿಂದ (ಫ್ರೇಮಿನಿಂದ) ಅಳಿಸಿ ಸಿನಿಮಾ ಪೂರ್ತಿ ಮಾಡಿದರು, 2008ರಲ್ಲಿ. ಆ ಭಾಗ ಬಂದಾಗ ಚಿತ್ರ ಸ್ವಲ್ಪ ಮಸುಕಾಗುತ್ತದೆ. ಮಾವ ಅದನ್ನು ನನಗಿಂತ ಮೊದಲೇ ಹಿಡಿದರು.

ಅವರ ಕಣ್ಣು ಇನ್ನೂ ಪ್ರೊಜೆಕ್ಟರ್ ಬೂತಿನಲ್ಲೇ ಇದೆ. ಹಳೇ ಸಿನಿಮಾದಲ್ಲಿ ಪರದೆಯ ಬಲ ಮೇಲ್ತುದಿಯಲ್ಲಿ ಒಂದು ಚುಕ್ಕೆ ಮಿಂಚಿ ಹೋಗುತ್ತದೆ, ನೋಡಿದ್ದೀರಾ? ರೀಲು ಮುಗಿಯುತ್ತಿದೆ, ಇನ್ನೊಂದು ಪ್ರೊಜೆಕ್ಟರಿನ ಮೋಟಾರ್ ಹಾಕು ಅಂತ ಆಪರೇಟರಿಗೆ ಗುರುತು. ಏಳೆಂಟು ಸೆಕೆಂಡ್ ಬಿಟ್ಟು ಎರಡನೇ ಚುಕ್ಕೆ, ಆಗ ಬದಲಾಯಿಸಬೇಕು. ನಾನು ಇಷ್ಟು ವರ್ಷ ಅದನ್ನು ಕೊಳೆ ಅಂದುಕೊಂಡಿದ್ದೆ. ಮೊದಲ ಚುಕ್ಕೆ ಕಂಡರೆ ಸಾಕು, ಮಂಚದ ಮೇಲೆ ಕೂತ ಮಾವನ ಬಲಗೈ ತಾನಾಗಿ ಮೇಲೇಳುತ್ತದೆ.

ಎಲ್ಲಿ ಸಿಗುತ್ತವೆ ಅಂತ ಕೇಳುತ್ತೀರಿ. ಕೊರಿಯಾದ ಹಳೇ ಸಿನಿಮಾಗಳಿಗೆ ಅಲೆಯಬೇಕಾಗಿಲ್ಲ. ಅಲ್ಲಿನ ಫಿಲ್ಮ್ ಆರ್ಕೈವ್ ಯೂಟ್ಯೂಬಿನಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಸಮೇತ ಪುಕ್ಕಟೆ ಹಾಕಿದೆ. ಮಿಕ್ಕವು ಡಿವಿಡಿ, ತಿಂಗಳ ಚಂದಾ ಕಟ್ಟುವ ಆ್ಯಪ್. ಡಿವಿಡಿಗೆ ಬೇರೆ ಸಬ್‌ಟೈಟಲ್ ಫೈಲ್ ಹಾಕುವಾಗ ಒಂದು ವಿಷಯ. ಸಬ್‌ಟೈಟಲ್ ಮೊದಲಿನಿಂದಲೂ ಎರಡು ಸೆಕೆಂಡ್ ಹಿಂದೆ ಇದ್ದರೆ, ಸಿನಿಮಾ ಓಡಿಸುವ ವಿಎಲ್‌ಸಿ ಪ್ಲೇಯರಿನಲ್ಲಿ ಜಿ, ಎಚ್ ಕೀಲಿ ಒತ್ತಿ ಸರಿ ಮಾಡಬಹುದು. ಶುರುವಿನಲ್ಲಿ ಸರಿಯಿದ್ದು ಹೋಗ್ತಾ ಹೋಗ್ತಾ ಹಿಂದೆಯೋ ಮುಂದೆಯೋ ಸರಿದರೆ ಅದು ಬೇರೆ ರೋಗ. ಫೈಲು ಸೆಕೆಂಡಿಗೆ 25 ಚೌಕಟ್ಟಿನ ಪ್ರತಿಯದು, ನಿಮ್ಮ ಹತ್ತಿರ ಇರುವುದು 24ರದು, ಅಥವಾ ತಿರುಗಾಮುರುಗಾ. ಆಗ ಎಷ್ಟು ಒತ್ತಿದರೂ ಪ್ರಯೋಜನ ಇಲ್ಲ, ಬೇರೆ ಫೈಲ್ ಹುಡುಕಿ. ಇದು ತಿಳಿಯದೆ ಒಂದು ವಾರ ಹಾಳು ಮಾಡಿಕೊಂಡಿದ್ದೇನೆ.

ಮಾತು ಜಾಸ್ತಿ ಇರುವ ಸಿನಿಮಾಗಳನ್ನು ಮಾವನಿಗೆ ತೋರಿಸುವುದು ಹೇಗೆ? ಮೂಕಿ ಚಿತ್ರಗಳ ಕಾಲದಲ್ಲಿ ಜಪಾನಿನಲ್ಲಿ ಪರದೆ ಪಕ್ಕ ನಿಂತು ಕಥೆ, ಮಾತು ಹೇಳುವವರು ಇದ್ದರು, ಬೆನ್ಶಿ ಅಂತ. ನಾನು ಮನೆಯ ಬೆನ್ಶಿ ಆದೆ. ಮೊದಲೇ ನೋಡಿ, ಮುಖ್ಯವಾದ ಮಾತುಗಳನ್ನು ಕನ್ನಡದಲ್ಲಿ ಬರೆದುಕೊಂಡು, ಪಕ್ಕ ಕೂತು ಓದುತ್ತೇನೆ. ಎಲ್ಲಾ ಮಾತು ಬೇಕಾಗಿಲ್ಲ. ಹತ್ತರಲ್ಲಿ ಮೂರು ಹೇಳಿದರೆ ಸಾಕು, ಮಿಕ್ಕಿದ್ದು ಮುಖದಲ್ಲಿ ಇರುತ್ತದೆ.

ಫಿಲಿಪೀನ್ಸಿನ ಲಿನೊ ಬ್ರೊಕಾ ಅವರ 1975ರ 'ಮನಿಲಾ ಇನ್ ದ ಕ್ಲಾಝ್ ಆಫ್ ಲೈಟ್' ಹೀಗೆ ನೋಡಿದ್ದು. ಹಳ್ಳಿ ಹುಡುಗ ಪ್ರೀತಿಸಿದವಳನ್ನು ಹುಡುಕಿಕೊಂಡು ಪಟ್ಟಣಕ್ಕೆ ಬಂದು ಕಟ್ಟಡದ ಕೆಲಸಕ್ಕೆ ಸೇರುತ್ತಾನೆ. ಸಹಿ ಹಾಕುವುದು ಒಂದು ಕೂಲಿಗೆ, ಕೈಗೆ ಬರುವುದು ಅದಕ್ಕಿಂತ ಕಡಿಮೆ. ಲೆಕ್ಕ ಬರೆಯುವವನಿಗೆ ಆ ದೃಶ್ಯ ನೋಡುವುದು ಹಿಂಸೆ. ಶ್ರೀಲಂಕಾದ ಲೆಸ್ಟರ್ ಜೇಮ್ಸ್ ಪೆರೀಸ್ ಅವರ 'ಗಂಪೆರಳಿಯ' (1963) ನಮ್ಮ ಖಾತೆ ಪುಸ್ತಕದ ಬಲಗಡೆ ಇನ್ನೂ ಕಾಯುತ್ತಿದೆ.

ಈಗ ಕೈಯಲ್ಲಿರುವುದು ಯು ಹ್ಯುನ್-ಮೋಕ್ ಅವರ 'ಏಮ್‌ಲೆಸ್ ಬುಲೆಟ್', 1961ರ ಕೊರಿಯಾ. ನಾಯಕ ನನ್ನ ಹಾಗೇ ಗುಮಾಸ್ತ. ಹಲ್ಲುನೋವು, ಕೀಳಿಸಲು ದುಡ್ಡಿಲ್ಲ. ಯುದ್ಧದಲ್ಲಿ ಉತ್ತರದಿಂದ ಓಡಿ ಬಂದ ಅವನ ತಾಯಿ ಹಾಸಿಗೆ ಹಿಡಿದಿದ್ದಾಳೆ. ತಲೆ ನೆಟ್ಟಗಿಲ್ಲ. ಆಗಾಗ ಎದ್ದು ಒಂದೇ ಮಾತು ಕೂಗುತ್ತಾಳೆ, 'ಕಾಜಾ!' ಇಂಗ್ಲಿಷಿನಲ್ಲಿ 'ಲೆಟ್ಸ್ ಗೋ' ಅಂತ ಹಾಕಿದ್ದಾರೆ. ನಾನು 'ಹೋಗೋಣ' ಅಂತ ಬರೆದು ಓದಿದೆ. ಮಾವ ತಲೆ ಆಡಿಸಿದರು. "ಇದು ಪಿಕ್ನಿಕ್ಕಿಗೆ ಕರೆದಂಗಾತು." 'ಹೊರಡೋಣ' ಅಂದೆ. ಅದೂ ಆಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ತಮ್ಮ ತಾಯಿ ಕೊನೆಗಾಲದಲ್ಲಿ ಈ ಮನೆಯಲ್ಲಿ ಮಲಗಿಕೊಂಡು ಹೇಳುತ್ತಿದ್ದ ಮಾತು ಹೇಳಿದರು. "ನಡ್ರೋ ಊರಿಗೆ."

ಅದನ್ನೇ ಬರೆದಿದ್ದೇನೆ. ಸಿನಿಮಾ ಇನ್ನೂ ಅರ್ಧ ಉಳಿದಿದೆ, ನಾಳೆ ರಾತ್ರಿಗೆ.